ಕ್ಲಿಪ್ ಹಾಕಿದ ಮೇಲೆ ಹಲ್ಲಿನ ಬೇರು ಗಿಡ್ಡವಾಗಿದೆ, ಈಗೇನು ಮಾಡುವುದು?

ಪ್ರಶ್ನೆ: ನಮ್ಮದು ಬ್ರಹ್ಮಾವರ. ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ಎದುರಿನ ಹಲ್ಲು ಉಬ್ಬಿದ್ದರಿಂದ ಮಂಗಳೂರಿನಲ್ಲಿ ಕ್ಲಿಪ್ ಹಾಕಿಸಿದ್ದೇವೆ. ಮೇಲೆ ಎರಡು, ಕೆಳಗೆ ಎರಡು ಹಲ್ಲು ಕೀಳಿಸಿದ್ದಾರೆ. ಈಗ 11 ತಿಂಗಳಾಯಿತು. ಕಳೆದ ಸಲ ಓಪಿಜಿ ಎಕ್ಸ್‌ರೇ ತೆಗೆದ ಡಾಕ್ಟರು, ಮೇಲಿನ ಎದುರಿನ ನಾಲ್ಕು ಹಲ್ಲಿನ ಬೇರು ಗಿಡ್ಡವಾಗಿದೆ, ಇನ್ನು ಮೂರು ತಿಂಗಳು ಟೈಟ್ ಮಾಡುವುದಿಲ್ಲ ಎಂದರು. ಕೀಳಿಸಿದ ಜಾಗ ಇನ್ನೂ ಅರ್ಧ ಖಾಲಿ ಇದೆ. ನೆಂಟರೊಬ್ಬರು, 'ಜಾಸ್ತಿ ಟೈಟ್ ಮಾಡಿದ್ದರಿಂದ ಹೀಗಾಯಿತು, ನಲವತ್ತಕ್ಕೆಲ್ಲ ಹಲ್ಲು ಉದುರುತ್ತದೆ' ಎನ್ನುತ್ತಾರೆ. ಮಗಳು ಅಳುತ್ತಾಳೆ. ಕ್ಲಿಪ್ ಬಿಚ್ಚಿಸಿಬಿಡಲಾ? ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಬೇರು ಬೆಳೆಯುತ್ತದಾ? ಐದನೇ ಕ್ಲಾಸಿನಲ್ಲಿ ಸೈಕಲ್‌ನಿಂದ ಬಿದ್ದು ಅವಳ ಒಂದು ಹಲ್ಲಿನ ಮೂಲೆ ಮುರಿದಿತ್ತು. ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. 11 ವರ್ಷದ ಮಗನಿಗೂ ಹಲ್ಲು ಉಬ್ಬು. ಅವನಿಗೆ ಕ್ಲಿಪ್ ಹಾಕಿಸಬಹುದಾ?

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿ. ಕ್ಲಿಪ್‌ನಿಂದ ಬೇರು ಗಿಡ್ಡವಾದ ಹಲ್ಲು ಅದೊಂದೇ ಕಾರಣಕ್ಕೆ ಉದುರುವುದು ತೀರಾ ಅಪರೂಪ. ಕ್ಲಿಪ್ ಬಿಚ್ಚಿದ ಮೇಲೆ ಈ ಸವೆತ ನಿಂತುಹೋಗುತ್ತದೆ. ವರ್ಷ ಕಳೆದಂತೆ ಬೇರನ್ನು ತಿನ್ನುತ್ತಾ ಹೋಗುವ ರೋಗ ಇದಲ್ಲ. ಒತ್ತಡ ಇರುವಷ್ಟು ದಿನ ಮಾತ್ರ ಇದರ ಆಟ. ಹಾಗೆಂದು ಸುಮ್ನೆ ಬಿಟ್ಟುಬಿಡುವ ವಿಷಯವೂ ಅಲ್ಲ. ಈ ಮೂರು ತಿಂಗಳು ಮತ್ತು ಅದರ ನಂತರದ ತೀರ್ಮಾನ ಎರಡೂ ಮುಖ್ಯ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಹಲ್ಲು ನೇರವಾಗಿ ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಕಾಲು ಮಿಲಿಮೀಟರ್‌ಗಿಂತ ತೆಳುವಾದ ಒಂದು ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ತಳ್ಳಿದಾಗ ಆ ಕಡೆಯ ನಾರು ಅದುಮಿಕೊಳ್ಳುತ್ತದೆ, ಅಲ್ಲಿ ರಕ್ತ ಓಡಾಡುವುದು ಕಡಿಮೆಯಾಗುತ್ತದೆ. ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ಜಾಗ ಮಾಡಿಕೊಡುತ್ತವೆ. ಹಲ್ಲು ಸರಿಯುವುದೇ ಹೀಗೆ. ಬೇರಿನ ಹೊರಗೆ ಸಿಮೆಂಟಮ್ ಎಂಬ ಒಂದು ಕವಚ ಇದೆ. ಕರಗಿಸುವ ಕೋಶಗಳಿಗೆ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಲುಬು ಕರಗಿ ಬೇರು ಉಳಿಯುವುದು ಆ ಕವಚದ ದೆಸೆಯಿಂದ. ಆದರೆ ನಾರು ತುಂಬಾ ಅದುಮಿ ಒಂದಿಷ್ಟು ಭಾಗ ಸತ್ತುಹೋದರೆ, ಸತ್ತದ್ದನ್ನು ಗುಡಿಸಲು ಬರುವ ಕೋಶಗಳು ಪಕ್ಕದ ಕವಚವನ್ನೂ ಸ್ವಲ್ಪ ಕೆರೆಯುತ್ತವೆ. ಒತ್ತಡ ನಿಂತಾಗ ಹೊಸ ಸಿಮೆಂಟಮ್ ಬಂದು ಆ ಗುಳಿಗಳನ್ನು ತುಂಬುತ್ತದೆ. ಒತ್ತಡ ಬಿಡದೆ ಮುಂದುವರಿದರೆ ತುಂಬಲು ಪುರುಸೊತ್ತು ಸಿಗುವುದಿಲ್ಲ. ಬೇರಿನ ತುದಿಯ ಸುತ್ತಲೂ ಹೀಗಾದಾಗ ತುದಿಯೇ ಕಳಚಿದಂತಾಗಿ ಬೇರು ಗಿಡ್ಡವಾಗುತ್ತದೆ.

ಹೀಗೆ ಕೆರೆಯುವುದು ಕ್ಲಿಪ್ ಹಾಕಿದ ಹೆಚ್ಚುಕಡಿಮೆ ಎಲ್ಲ ಹಲ್ಲಿನಲ್ಲೂ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನಗಳಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಹಲ್ಲುಗಳಲ್ಲಿ ಗುರುತು ಕಂಡಿದೆ. ಬಹುಪಾಲು ಜನರಿಗೆ ಒಂದೆರಡು ಮಿಲಿಮೀಟರ್ ಹೋಗುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ತೀವ್ರ ಎಂದು ಕರೆಯುವುದು 4 ಮಿಲಿಮೀಟರ್‌ಗಿಂತ ಅಥವಾ ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದಾಗ. ಅದು ನೂರರಲ್ಲಿ ಒಂದರಿಂದ ಐದರವರೆಗೆ ಕಾಣುತ್ತದೆ. ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. ಅಮೆರಿಕದ ಆಲ್ಬರ್ಟ್ ಕೆಚಮ್ ಎಂಬ ವೈದ್ಯರು 1927ರಲ್ಲೇ ಎಕ್ಸ್‌ರೇ ತೋರಿಸಿ ಇದರ ಬಗ್ಗೆ ಎಚ್ಚರಿಸಿದ್ದರು. ಹಾಗಾಗಿ ಕ್ಲಿಪ್ ಹಾಕುವ ಮುಂಚೆಯೇ ಮನೆಯವರಿಗೆ ಇದನ್ನು ಹೇಳಬೇಕು. ನಿಮಗೆ ಹೇಳಿರದಿದ್ದರೆ ನಿಮ್ಮ ಬೇಸರ ಸರಿಯಾದದ್ದೇ.

ಈಗ ನಿಮ್ಮ ಮಗಳ ವಿಷಯ. ನನಗೆ ಮೊದಲು ಬೇಕಾದದ್ದು ಅಳತೆ. 'ಗಿಡ್ಡವಾಗಿದೆ' ಎಂದರೆ ಎಷ್ಟು? ಒಂದೂವರೆ ಮಿಲಿಮೀಟರೋ, ಐದೋ? ಎರಡಕ್ಕೂ ದಾರಿ ಬೇರೆ ಬೇರೆ. ಓಪಿಜಿ ಇಡೀ ಬಾಯಿಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ. ಮೊದಲ ನೋಟಕ್ಕೆ ತುಂಬಾ ಒಳ್ಳೆಯದು, ಆದರೆ ಎದುರಿನ ಹಲ್ಲಿನ ಮಟ್ಟಿಗೆ ಅಷ್ಟು ನಂಬುವ ಹಾಗಿಲ್ಲ. ಆ ಯಂತ್ರಕ್ಕೆ ಒಂದು ತೆಳುವಾದ ಜಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಎದುರಿನ ಹಲ್ಲಿನ ತುದಿ ಆ ಜಾಗದಿಂದ ಸ್ವಲ್ಪ ಹೊರಗೆ ಹೋದರೂ ಮಸುಕಾಗುತ್ತದೆ, ಇಲ್ಲವೇ ಮೊಟಕಾಗಿ ಕಾಣುತ್ತದೆ. ನಿಮ್ಮ ಮಗಳ ಹಲ್ಲು ಮೊದಲು ಮುಂದಕ್ಕೆ ವಾಲಿತ್ತು, ಈಗ ನೆಟ್ಟಗಾಗುತ್ತಿದೆ. ವಾಲಿಕೆ ಬದಲಾದರೆ ಚಿತ್ರದಲ್ಲಿ ಉದ್ದವೂ ಬದಲಾಗುತ್ತದೆ.

ನೀವೇ ನೋಡಬಹುದಾದ ಒಂದು ಉಪಾಯ ಇದೆ. ಹಳೆಯ ಮತ್ತು ಹೊಸ ಎಕ್ಸ್‌ರೇ ಪಕ್ಕಪಕ್ಕ ಇಟ್ಟು, ಹಲ್ಲಿನ ಹೊರಗೆ ಕಾಣುವ ಭಾಗದ ಉದ್ದ ಅಳೆಯಿರಿ. ಆ ಭಾಗ ಕ್ಲಿಪ್‌ನಿಂದ ಸವೆಯುವುದಿಲ್ಲ, ಅಲ್ವಾ? ಹೊಸ ಚಿತ್ರದಲ್ಲಿ ಅದೂ ಚಿಕ್ಕದಾಗಿ ಕಂಡರೆ, ಬೇರು ಗಿಡ್ಡ ಕಾಣುವುದರಲ್ಲಿ ಒಂದು ಪಾಲು ಚಿತ್ರದ್ದೇ. ಅದೇ ಅಳತೆಗೆ ಹೊರಭಾಗ ಇದ್ದು, ಬೇರು ಮಾತ್ರ ಚಿಕ್ಕದಾಗಿದ್ದರೆ ನಿಜವಾಗಿ ಸವೆದಿದೆ. ಇದು ಅಂದಾಜಿಗೆ ಸಾಕು, ತೀರ್ಮಾನಕ್ಕೆ ಸಾಲದು. ತೀರ್ಮಾನಕ್ಕೆ ಬಾಯಿಯೊಳಗೆ ಸೆನ್ಸರ್ ಇಟ್ಟು ತೆಗೆಯುವ ಚಿಕ್ಕ ಎಕ್ಸ್‌ರೇ ಬೇಕು. ಕ್ಲಿನಿಕ್‌ಗಳಲ್ಲಿ ಆರ್‌ವಿಜಿ ಎನ್ನುತ್ತಾರೆ. ಎದುರಿನ ನಾಲ್ಕು ಹಲ್ಲಿಗೆ ಎರಡು ಚಿತ್ರ ಸಾಕು, ಕಿರಣವೂ ಬಹಳ ಕಡಿಮೆ. ಹೋಲ್ಡರ್ ಹಾಕಿ ನೇರ ಕೋನದಲ್ಲಿ ತೆಗೆಯಲಿ. ಮುಂದಿನ ಸಲವೂ ಅದೇ ರೀತಿ ತೆಗೆದರೆ ಹೋಲಿಸಲು ಬರುತ್ತದೆ. ಹಲ್ಲನ್ನು ಎಲ್ಲ ಕಡೆಯಿಂದ ತೋರಿಸುವ ಸಿಬಿಸಿಟಿ ಎಂಬ ತ್ರೀಡಿ ಸ್ಕ್ಯಾನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ, ಅದರಿಂದ ಚಿಕಿತ್ಸೆಯ ತೀರ್ಮಾನ ಬದಲಾಗುತ್ತದಾ ಎಂದು ಕೇಳಿ. ಬದಲಾಗುವುದಾದರೆ ಮಾಡಿಸಿ, ಸುಮ್ನೆ ಸಮಾಧಾನಕ್ಕೆ ಬೇಡ.

ಅಳತೆ ಸಿಕ್ಕ ಮೇಲೆ ಅದಕ್ಕೆ ಅರ್ಥ ಕೊಡಬೇಕಲ್ಲ. ಮೇಲಿನ ನಡು ಹಲ್ಲಿನ ಬೇರು ಸಾಮಾನ್ಯವಾಗಿ 13 ಮಿಲಿಮೀಟರ್ ಸುಮಾರು ಇರುತ್ತದೆ, ಪಕ್ಕದ ಹಲ್ಲಿನದೂ ಹೆಚ್ಚುಕಡಿಮೆ ಅಷ್ಟೇ. ಸ್ವೀಡನ್ನಿನ ಲೆವಾಂಡರ್ ಮತ್ತು ಮಾಲ್ಮ್‌ಗ್ರೆನ್ ಎಂಬ ವೈದ್ಯರು ಬೇರು ತುಂಬಾ ಸವೆದವರನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. ಉಳಿದ ಬೇರು 9 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದು ವಸಡು ಆರೋಗ್ಯವಾಗಿದ್ದರೆ ಹಲ್ಲು ಅಲುಗಾಡುವ ಅಪಾಯ ಕಡಿಮೆ. 9ಕ್ಕಿಂತ ಕೆಳಗೆ ಇಳಿದರೆ ಅಲುಗಾಟದ ಸಾಧ್ಯತೆ ಹೆಚ್ಚು. ಆದ್ದರಿಂದ ಡಾಕ್ಟರ ಹತ್ತಿರ 'ಎಷ್ಟು ಹೋಗಿದೆ' ಎನ್ನುವುದರ ಜೊತೆಗೆ 'ಎಷ್ಟು ಉಳಿದಿದೆ' ಎಂದೂ ಕೇಳಿ. ನನ್ನ ಮಟ್ಟಿಗೆ ಎರಡನೆಯ ಸಂಖ್ಯೆಯೇ ದೊಡ್ಡದು. ಹುಟ್ಟಾ ಉದ್ದ ಬೇರಿನವರಿಗೆ 3 ಮಿಲಿಮೀಟರ್ ಹೋದರೂ ಚಿಂತೆ ಇಲ್ಲ. ಮೊದಲೇ ಗಿಡ್ಡ ಬೇರಿನವರಿಗೆ ಅದೇ 3 ಭಾರ.

ಇನ್ನು ಉದುರುವ ಮಾತು. ಬೇರು ತುದಿಗೆ ಹೋದಂತೆ ಸಪೂರ. ಹಲ್ಲನ್ನು ಹಿಡಿದಿಡುವ ನಾರು ಹೆಚ್ಚು ಇರುವುದು ವಸಡಿನ ಹತ್ತಿರದ ದಪ್ಪ ಭಾಗದಲ್ಲಿ. ತೋಟದ ಬೇಲಿಗೂಟದ ಚೂಪು ತುದಿ ನಾಲ್ಕು ಬೆರಳು ಕಡಿಮೆಯಾದರೂ ಗೂಟ ನಿಲ್ಲುತ್ತದೆ. ಮಳೆಗಾಲದಲ್ಲಿ ಅದರ ಬುಡದ ಮಣ್ಣು ಕೊಚ್ಚಿಹೋದರೆ ಮಾತ್ರ ಒಂದು ತಳ್ಳಿಗೆ ಬೀಳುತ್ತದೆ. ಹಲ್ಲಿನ ಲೆಕ್ಕವೂ ಹಾಗೆಯೇ. ತುದಿಯಲ್ಲಿ 3 ಮಿಲಿಮೀಟರ್ ಬೇರು ಹೋಗುವುದೂ ವಸಡಿನ ಹತ್ತಿರ 1 ಮಿಲಿಮೀಟರ್ ಎಲುಬು ಹೋಗುವುದೂ ಹಿಡಿತದ ಮಟ್ಟಿಗೆ ಸುಮಾರು ಒಂದೇ. ನಿಮ್ಮ ನೆಂಟರು ಹೇಳಿದ ನಲವತ್ತರ ವಯಸ್ಸಿಗೆ ಹಲ್ಲು ಅಲುಗಾಡಿದರೆ ಅದಕ್ಕೆ ದೊಡ್ಡ ಕಾರಣ ವಸಡಿನ ರೋಗವೇ ಆಗಿರುತ್ತದೆ. ಗಿಡ್ಡ ಬೇರಿಗೆ ವಸಡಿನ ರೋಗವೂ ಸೇರಿದರೆ ಕಷ್ಟ, ಅದು ನಿಜ. ನಿಮ್ಮ ಮಗಳು ಜೀವನಪೂರ್ತಿ ಕಾಪಾಡಿಕೊಳ್ಳಬೇಕಾದದ್ದು ವಸಡನ್ನು. ಇದನ್ನು ಅವಳಿಗೆ ಹೆದರಿಸದೆ, ಆದರೆ ಗಟ್ಟಿಯಾಗಿ ಹೇಳಿ.

ಈಗ ಅವಳು ನಾಲಿಗೆಯಲ್ಲಿ ತಳ್ಳಿದಾಗ ಎದುರಿನ ಹಲ್ಲು ಸ್ವಲ್ಪ ಅಲುಗಾಡುತ್ತಿರಬಹುದು. ಅದನ್ನೂ ಬೇರಿಗೆ ಜೋಡಿಸಿ ಹೆದರಬೇಡಿ. ಕ್ಲಿಪ್ ಇರುವಾಗ ನಾರಿನ ಪದರ ಅಗಲವಾಗಿರುತ್ತದೆ, ಆದ್ದರಿಂದ ಎಲ್ಲರ ಹಲ್ಲೂ ಸ್ವಲ್ಪ ಸಡಿಲವೇ. ಚಲನೆ ನಿಂತ ಮೇಲೆ ಗಟ್ಟಿಯಾಗುತ್ತದೆ. ಬೇರಿನ ಸವೆತದಿಂದ ನೋವು ಬರುವುದಿಲ್ಲ, ಹಲ್ಲಿನ ನರವೂ ಸಾಯುವುದಿಲ್ಲ. ಹಾಗಾಗಿ ಈ ಕಾರಣಕ್ಕೆ ರೂಟ್ ಕೆನಾಲ್ ಬೇಡ. ನೋವು ಇಲ್ಲ ಎನ್ನುವುದು ಒಂದು ರೀತಿಯಲ್ಲಿ ತೊಂದರೆ ಕೂಡ. ಎಕ್ಸ್‌ರೇ ತೆಗೆಯದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಡಾಕ್ಟರು ಎಕ್ಸ್‌ರೇ ತೆಗೆದರು, ನೋಡಿದರು, ನಿಲ್ಲಿಸಿದರು. ಇದನ್ನು ನಾನು ಒಳ್ಳೆಯ ಲಕ್ಷಣ ಎಂದೇ ನೋಡುತ್ತೇನೆ. ಕ್ಲಿಪ್ ಹಾಕಿದ ಆರರಿಂದ ಒಂಬತ್ತು ತಿಂಗಳಿಗೆ ಎದುರಿನ ಹಲ್ಲಿನ ಎಕ್ಸ್‌ರೇ ತೆಗೆಯಬೇಕು ಎನ್ನುವುದು ಮೇಲೆ ಹೇಳಿದ ಲೆವಾಂಡರ್ ಮತ್ತು ಮಾಲ್ಮ್‌ಗ್ರೆನ್ 1988ರಲ್ಲೇ ಕೊಟ್ಟ ಸಲಹೆ. ಆ ಹೊತ್ತಿಗೆ ಸವೆತ ಕಾಣದವರಿಗೆ ಮುಂದೆ ತೀವ್ರವಾಗುವುದು ಕಡಿಮೆ, ಕಂಡವರಿಗೆ ಜಾಸ್ತಿ. ನಿಮ್ಮದು 11 ತಿಂಗಳಿಗೆ ಆಯಿತು. ಸ್ವಲ್ಪ ತಡ, ಆದರೂ ಕೈ ಮೀರಿಲ್ಲ.

ಮೂರು ತಿಂಗಳ ಬಿಡುವು ಕೂಡ ಹಾರಿಕೆಯ ಮಾತಲ್ಲ. 1994ರಲ್ಲಿ ಅದೇ ತಂಡ ಆರು ತಿಂಗಳಿಗೆ ಸವೆತ ಕಂಡ 40 ಮಂದಿಯನ್ನು ತೆಗೆದುಕೊಂಡಿತು. ಕೆಲವರಿಗೆ ಎರಡು ಮೂರು ತಿಂಗಳು ಬಿಡುವು ಕೊಟ್ಟು ಮುಂದುವರಿಸಿದರು. ಉಳಿದವರಿಗೆ ಬಿಡುವಿಲ್ಲದೆ ನಡೆಸಿದರು. ಬಿಡುವು ಸಿಕ್ಕವರಲ್ಲಿ ಮುಂದೆ ಸರಾಸರಿ 0.4 ಮಿಲಿಮೀಟರ್ ಸವೆಯಿತು, ಸಿಗದವರಲ್ಲಿ 1.5. ಚಿಕ್ಕ ಅಧ್ಯಯನ, ನಿಜ. ಆದರೆ ಗುಳಿ ತುಂಬಲು ಸಮಯ ಬೇಕು ಎಂಬ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಮತ್ತು ಬಿಡುವು ಕೊಡುವುದರಿಂದ ನಷ್ಟ ಏನೂ ಇಲ್ಲ. ನಿಮ್ಮ ಮಗಳಿಗೆ ಈಗ ನಡೆಯುತ್ತಿರುವುದು ಚಿಕಿತ್ಸೆಯೇ. ತಿಂಗಳು ವ್ಯರ್ಥವಾಗುತ್ತಿದೆ ಎಂದುಕೊಳ್ಳಬೇಡಿ.

ಆದರೆ ಬಿಡುವು ಎಂದರೆ ನಿಜವಾದ ಬಿಡುವೇ ಆಗಿರಬೇಕು. ಅಪಾಯಿಂಟ್‌ಮೆಂಟ್ ಮುಂದೂಡಿದ ಮಾತ್ರಕ್ಕೆ ಒತ್ತಡ ನಿಲ್ಲುವುದಿಲ್ಲ. ಖಾಲಿ ಜಾಗ ಮುಚ್ಚಲು ಹಾಕಿದ ಚೈನ್ ಅಥವಾ ಸ್ಪ್ರಿಂಗ್ ಹಾಗೆಯೇ ಇದ್ದರೆ ಅದು ತನ್ನ ಪಾಡಿಗೆ ಎಳೆಯುತ್ತಲೇ ಇರುತ್ತದೆ. ಅದನ್ನು ತೆಗೆದಿದ್ದಾರಾ ಎಂದು ಕೇಳಿ. ಒಳಗಿರುವ ತಂತಿ ಯಾವ ಕಡೆಗೂ ತಳ್ಳದಂತೆ ಇರಬೇಕು. ಮನೆಯಲ್ಲಿ ಹಾಕಿಕೊಳ್ಳುವ ರಬ್ಬರ್ ಬ್ಯಾಂಡ್ ಕೊಟ್ಟಿದ್ದರೆ, ಡಾಕ್ಟರು ಸ್ಪಷ್ಟವಾಗಿ ಹಾಕು ಎಂದು ಹೇಳದ ಹೊರತು ಈಗ ಹಾಕಬಾರದು. ಬೇಗ ಮುಗಿಯಲಿ ಎಂಬ ಆಸೆಯಿಂದ ಮಕ್ಕಳು ಡಬಲ್ ಬ್ಯಾಂಡ್ ಹಾಕಿಕೊಳ್ಳುವುದನ್ನು ನೋಡಿದ್ದೇನೆ. ಯಾವ ಕಾಲಕ್ಕೂ ಅದು ಬೇಡ, ಈಗಂತೂ ಬೇಡವೇ ಬೇಡ. ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಚಿಕ್ಕ ತುಂಡು, ಕಳಚಿದರೆ ಮಾತ್ರ ಬಿಡುವಿನ ನಡುವೆಯೂ ಹೋಗಿ ತೋರಿಸಿ, ಏಕೆಂದರೆ ತಂತಿ ಒಂದು ಕಡೆ ಸಡಿಲವಾದರೆ ಇನ್ನೊಂದು ಕಡೆ ತಳ್ಳಬಹುದು.

ತಪ್ಪು ಯಾರದು ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ನೆಂಟರ ಮಾತು ನಿಮ್ಮನ್ನು ಕಾಡಿದೆ ಅಂತ ಕಾಣುತ್ತದೆ. ಒತ್ತಡ ಜಾಸ್ತಿಯಾದರೆ ಸವೆತ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬರೇ ಡಾಕ್ಟರು, ಒಂದೇ ತಂತಿ, ಒಂದೇ ರೀತಿಯ ಕೆಲಸ. ಒಬ್ಬ ಹುಡುಗಿಗೆ ಏನೂ ಆಗುವುದಿಲ್ಲ, ಇನ್ನೊಬ್ಬಳಿಗೆ ಮೂರು ಮಿಲಿಮೀಟರ್ ಹೋಗುತ್ತದೆ. ಈ ವ್ಯತ್ಯಾಸದ ದೊಡ್ಡ ಪಾಲು ಹುಟ್ಟಿನಿಂದಲೇ ಬಂದದ್ದು. ಬೇರಿನ ಆಕಾರವೂ ಮುಖ್ಯ. ತುದಿ ಚೂಪಾಗಿರುವ, ಸೊಟ್ಟಗಿರುವ ಬೇರು ಬೇಗ ಸವೆಯುತ್ತದೆ. ಮೇಲಿನ ಎದುರಿನ ನಾಲ್ಕು ಹಲ್ಲು ಎಲ್ಲಕ್ಕಿಂತ ಮೊದಲು ಸವೆಯುವಂಥವು. ಹಲ್ಲು ಕೀಳಿಸಿ ಉಬ್ಬು ಒಳಗೆ ತರುವಾಗ ಆ ನಾಲ್ಕರ ಬೇರಿನ ತುದಿ ಎಲುಬಿನೊಳಗೆ ತುಂಬಾ ದೂರ ಸಾಗಬೇಕಾಗುತ್ತದೆ. ಸಾಗುವ ದೂರ ಜಾಸ್ತಿಯಾದಷ್ಟೂ, ಚಿಕಿತ್ಸೆ ಉದ್ದವಾದಷ್ಟೂ ಸವೆತ ಜಾಸ್ತಿ. ಹಲ್ಲನ್ನು ಎಲುಬಿನೊಳಕ್ಕೆ ಮೇಲೆ ತಳ್ಳುವುದು, ಬೇರಿನ ತುದಿಯನ್ನು ಅಂಗುಳಿನ ಕಡೆಗೆ ತಿರುಗಿಸುವುದು, ಈ ಎರಡು ಕೆಲಸಗಳಲ್ಲಿ ತುದಿಗೆ ಬೀಳುವ ಭಾರ ಹೆಚ್ಚು. ಉಬ್ಬು ಹಲ್ಲಿನ ಚಿಕಿತ್ಸೆಯಲ್ಲಿ ಇವೆರಡೂ ಬೇಕಾಗುವುದು ಸಾಮಾನ್ಯ.

ಸೈಕಲ್‌ನಿಂದ ಬಿದ್ದದ್ದನ್ನು ದಯವಿಟ್ಟು ನಾಳೆಯೇ ಫೋನ್ ಮಾಡಿ ಹೇಳಿ. ಏಟು ಬಿದ್ದ ಹಲ್ಲು, ಅದರಲ್ಲೂ ಆಗಲೇ ಬೇರಿಗೆ ಸ್ವಲ್ಪ ಪೆಟ್ಟಾಗಿದ್ದರೆ, ಕ್ಲಿಪ್‌ನ ಒತ್ತಡಕ್ಕೆ ಬೇಗ ಸವೆಯಬಹುದು. ಆ ಒಂದು ಹಲ್ಲಿನ ನರ ಜೀವಂತ ಇದೆಯೇ ಎಂದು ಪರೀಕ್ಷೆ ಮಾಡಲಿ. ನರ ಸತ್ತು ಬೇರಿನ ತುದಿಯಲ್ಲಿ ಸೋಂಕು ಇದ್ದರೂ ಬೇರು ಸವೆಯುತ್ತದೆ. ಆದರೆ ಅದರ ಚಿಕಿತ್ಸೆ ಬೇರೆ, ಆಗ ರೂಟ್ ಕೆನಾಲ್ ಬೇಕೇ ಬೇಕು. ನಾಲ್ಕು ಹಲ್ಲೂ ಒಂದೇ ರೀತಿ ಗಿಡ್ಡವಾಗಿದ್ದರೆ ಕ್ಲಿಪ್‌ನದ್ದೇ ಕಾರಣ ಇರುವ ಸಾಧ್ಯತೆ ಹೆಚ್ಚು. ಏಟು ಬಿದ್ದ ಹಲ್ಲೊಂದೇ ತುಂಬಾ ಹೆಚ್ಚು ಗಿಡ್ಡವಾಗಿದ್ದರೆ ಡಾಕ್ಟರು ಅದನ್ನು ಪ್ರತ್ಯೇಕವಾಗಿ ನೋಡಬೇಕು. ಹೇಳಲಿಲ್ಲ ಎಂದು ಕೊರಗಬೇಡಿ. ಏಳು ವರ್ಷದ ಹಿಂದೆ ಮುರಿದ ಮೂಲೆ ಯಾರ ನೆನಪಿಗೆ ಬರುತ್ತದೆ?

ಉಗುರು ಕಚ್ಚುವ, ಪೆನ್ನು ಕಚ್ಚುವ ಅಭ್ಯಾಸ ಇದ್ದರೆ ಬಿಡಿಸಿ. ಉಗುರು ಕಚ್ಚುವವರಲ್ಲಿ ಸವೆತ ಹೆಚ್ಚು ಕಂಡಿರುವ ಅಧ್ಯಯನಗಳಿವೆ. ಪರೀಕ್ಷೆಯ ವರ್ಷ ಬೇರೆ, ಓದುವಾಗ ಕೈ ಬಾಯಿಗೆ ಹೋಗುತ್ತದೆ. ನುಂಗುವಾಗ ನಾಲಿಗೆ ಎದುರಿನ ಹಲ್ಲನ್ನು ತಳ್ಳುತ್ತದಾ ಎಂದೂ ಡಾಕ್ಟರು ನೋಡಲಿ. ಚಕ್ಕುಲಿ, ಹಪ್ಪಳ, ಗಟ್ಟಿ ಕೋರಿ ರೊಟ್ಟಿ ತಿಂದದ್ದರಿಂದ ಬೇರು ಸವೆಯುವುದಿಲ್ಲ. ಅವು ಬ್ರಾಕೆಟ್ ಕೀಳುತ್ತವೆ, ಅದಕ್ಕೆ ಬೇಡ ಎನ್ನುವುದು ಅಷ್ಟೇ. ರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿ ತಿನ್ನಲಿ.

ಕ್ಯಾಲ್ಸಿಯಂ ಮಾತ್ರೆಯಿಂದ ಬೇರು ಬೆಳೆಯುವುದಿಲ್ಲ, ಸವೆತವೂ ನಿಲ್ಲುವುದಿಲ್ಲ. ಹೋದ ಉದ್ದವನ್ನು ವಾಪಸ್ ತರುವ ಔಷಧ, ಪೇಸ್ಟ್, ಎಣ್ಣೆ ಯಾವುದೂ ಇಲ್ಲ. ಹಣ ಉಳಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬಿಚ್ಚಿಸಿಬಿಡಲಾ? ಈ ವಾರವೇ ಗಾಬರಿಯಲ್ಲಿ ಬಿಚ್ಚಿಸಬೇಡಿ. ಅರ್ಧ ಖಾಲಿ ಜಾಗ ಇರುವಾಗ ಬಿಚ್ಚಿದರೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಓಡಲು ನೋಡುತ್ತದೆ. ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಎರಡು ವರ್ಷ ಬಿಟ್ಟು ಮತ್ತೆ ಕ್ಲಿಪ್ ಹಾಕಿಸುವ ಹಾಗಾದರೆ ಅದೇ ಬೇರಿಗೆ ಎರಡನೇ ಸಲ ಹೊರೆ. ಬಿಡುವಿನ ಕೊನೆಗೆ ಇನ್ನೊಂದು ಆರ್‌ವಿಜಿ ತೆಗೆಯಲಿ. ಬೇರಿನ ಅಂಚು ನುಣುಪಾಗಿ, ಅಳತೆ ಹಾಗೆಯೇ ನಿಂತಿದ್ದರೆ ಹಗುರ ಒತ್ತಡದಲ್ಲಿ ಮುಂದುವರಿಸಬಹುದು. ನಂತರ ಪ್ರತಿ ಮೂರು ತಿಂಗಳಿಗೆ ಒಂದು ಚಿತ್ರ.

ಮುಂದುವರಿಸುವ ಮೊದಲು ಗುರಿಯನ್ನು ಮತ್ತೆ ಕೂತು ಮಾತಾಡಬೇಕು. ಹೆಚ್ಚಿನ ಮನೆಯವರು ಕೇಳದೆ ಬಿಡುವ ಪ್ರಶ್ನೆ ಇದೇ. ಚಿಕಿತ್ಸೆ ಶುರುವಾದಾಗ ಹಾಕಿಕೊಂಡ ಗುರಿ, ಬೇರು ಪೂರ್ತಿ ಇದ್ದಾಗಿನದು. ಈಗ ಪರಿಸ್ಥಿತಿ ಬದಲಾಗಿದೆ. ಎದುರಿನ ಹಲ್ಲು ಈಗಾಗಲೇ ಸಾಕಷ್ಟು ಒಳಗೆ ಬಂದಿದ್ದರೆ, ಉಳಿದ ಜಾಗವನ್ನು ಅವನ್ನು ಇನ್ನೂ ಹಿಂದಕ್ಕೆ ಎಳೆದು ಮುಚ್ಚಲೇಬೇಕೆಂದಿಲ್ಲ. ಎಲುಬಿಗೆ ಚಿಕ್ಕ ಮಿನಿ ಸ್ಕ್ರೂ ಹಾಕಿ, ಅದರ ಆಸರೆಯಲ್ಲಿ ಹಿಂದಿನ ದವಡೆ ಹಲ್ಲುಗಳನ್ನೇ ಮುಂದಕ್ಕೆ ತರಬಹುದು. ಆಗ ಎದುರಿನ ಬೇರಿಗೆ ಕೆಲಸ ಕಡಿಮೆ. ತಂತಿಯನ್ನೂ ಆ ನಾಲ್ಕು ಹಲ್ಲಿನ ಮಟ್ಟಿಗೆ ಹಗುರ ಮಾಡಬಹುದು, ಅಥವಾ ಸ್ವಲ್ಪ ಕಾಲ ಅವುಗಳನ್ನು ತಂತಿಯಿಂದಲೇ ಬಿಡಿಸಿ ಇಡಬಹುದು. ಒಂದೆರಡು ಮಿಲಿಮೀಟರ್ ಉಬ್ಬು ಉಳಿದರೂ ಪರವಾಗಿಲ್ಲ ಎಂದು ಒಪ್ಪಿಕೊಂಡರೆ ಚಿಕಿತ್ಸೆ ಎಷ್ಟೋ ತಿಂಗಳು ಬೇಗ ಮುಗಿಯಬಹುದು. ಫೋಟೋದಲ್ಲಿ ಕಾಣುವ ಪರಿಪೂರ್ಣ ಸಾಲಿಗಿಂತ ಅರವತ್ತು ವರ್ಷ ಬಾಳುವ ಬೇರು ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ನಗುವುದು ನಿಮ್ಮ ಮಗಳು. ಅವಳಿಗೆ 17, ಎಲ್ಲ ಅರ್ಥವಾಗುತ್ತದೆ. ಈ ಮಾತುಕತೆಯಲ್ಲಿ ಅವಳೂ ಕೂರಲಿ, ಎಕ್ಸ್‌ರೇ ಅವಳ ಕೈಗೇ ಕೊಟ್ಟು ತೋರಿಸಲಿ.

ಹೊಸ ಚಿತ್ರದಲ್ಲಿ ಬಿಡುವಿನ ನಡುವೆಯೂ ಸವೆತ ಮುಂದುವರಿದಿದ್ದರೆ, ಅಥವಾ ಉಳಿದ ಬೇರು 9 ಮಿಲಿಮೀಟರ್ ಹತ್ತಿರ ಬಂದಿದ್ದರೆ, ನಾನಾದರೆ ಎದುರಿನ ಹಲ್ಲಿನ ಚಲನೆ ಅಲ್ಲಿಗೇ ನಿಲ್ಲಿಸುತ್ತೇನೆ. ಉಳಿದ ಖಾಲಿ ಜಾಗಕ್ಕೆ ಬೇರೆ ಪರಿಹಾರ ಹುಡುಕಬಹುದು.

ಅಲೈನರ್‌ಗೆ, ಅಂದರೆ ತಂತಿಯ ಬದಲು ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚಕ್ಕೆ, ಬದಲಾಯಿಸಿದರೆ ಸರಿಯಾಗುತ್ತದೆ ಎಂದು ಯಾರಾದರೂ ಹೇಳಬಹುದು. ಅಲೈನರ್‌ನಲ್ಲಿ ಸವೆತ ಸ್ವಲ್ಪ ಕಡಿಮೆ ಕಾಣುತ್ತದೆ, ಇಲ್ಲವೇ ಇಲ್ಲ ಎಂದಲ್ಲ. ಹಲ್ಲು ಕೀಳಿಸಿದ ಜಾಗ ಮುಚ್ಚುವುದು ಅಲೈನರ್‌ಗೆ ಕಷ್ಟದ ಕೆಲಸ. ಅರ್ಧ ದಾರಿಯಲ್ಲಿ ಗಾಡಿ ಬದಲಾಯಿಸುವ ಮೊದಲು ಚೆನ್ನಾಗಿ ಯೋಚಿಸಿ. ದುಬಾರಿ ಬ್ರಾಕೆಟ್, ತಂತಿಯನ್ನು ತಾನೇ ಹಿಡಿದುಕೊಳ್ಳುವ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್‌ನಿಂದ ಬೇರು ಉಳಿಯುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರ ಇಲ್ಲ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಖಂಡಿತ ಪಡೆಯಿರಿ. ಅದರಿಂದ ಯಾವ ಡಾಕ್ಟರಿಗೂ ಅವಮಾನವಿಲ್ಲ. ನಮ್ಮ ಜಿಲ್ಲೆಗಳವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಮಣಿಪಾಲದಲ್ಲಿ, ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ, ದೇರಳಕಟ್ಟೆಯಲ್ಲಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಆರ್ಥೊಡಾಂಟಿಕ್ಸ್‌ಗೆ, ಅಂದರೆ ಕ್ಲಿಪ್ ಚಿಕಿತ್ಸೆಗೆ, ಬೇರೆಯೇ ವಿಭಾಗ ಇದೆ. ಬ್ರಹ್ಮಾವರದಿಂದ ಮಣಿಪಾಲ ಹತ್ತಿರವೂ ಹೌದು. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕ್ಲಿಪ್ ಹಾಕುವ ಮುಂಚಿನ ಓಪಿಜಿ, ಮುಖದ ಪಕ್ಕದಿಂದ ತೆಗೆದ ಎಕ್ಸ್‌ರೇ, ಹೊಸ ಓಪಿಜಿ, ಚಿಕಿತ್ಸೆಯ ಚೀಟಿ, ಎಲ್ಲದರ ಪ್ರತಿ ಕೇಳಿ ಪಡೆದುಕೊಳ್ಳಿ. ಮೊದಲಿನ ಚಿತ್ರ ಇಲ್ಲದಿದ್ದರೆ ಬೇರು ಈಗ ಸವೆದದ್ದೋ, ಹುಟ್ಟಾ ಗಿಡ್ಡವೋ ಎಂದು ಯಾರಿಗೂ ಹೇಳಲು ಆಗುವುದಿಲ್ಲ. ಅಭಿಪ್ರಾಯ ಬೇರೆ ಕಡೆ ಕೇಳಿ, ಚಿಕಿತ್ಸೆಯನ್ನು ಆದಷ್ಟು ಅದೇ ಡಾಕ್ಟರ ಹತ್ತಿರ ಮುಗಿಸಿ. ನಡುವೆ ಕೈ ಬದಲಾದರೆ ಸಾಮಾನ್ಯವಾಗಿ ತಿಂಗಳುಗಳು ಜಾಸ್ತಿಯಾಗುತ್ತವೆ. ಆ ಜಾಸ್ತಿ ತಿಂಗಳೇ ಬೇರಿಗೆ ಒಳ್ಳೆಯದಲ್ಲ.

ಕ್ಲಿಪ್ ಬಿಚ್ಚಿದ ದಿನ ಕೊನೆಯ ಎಕ್ಸ್‌ರೇ ತೆಗೆಸಿ ಜೋಪಾನವಾಗಿ ಇಟ್ಟುಕೊಳ್ಳಿ. ಒಂದು ವರ್ಷ ಬಿಟ್ಟು ಇನ್ನೊಂದು. ಎರಡೂ ಒಂದೇ ಅಳತೆ ಇದ್ದರೆ ಸವೆತ ನಿಂತಿದೆ ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಹಲ್ಲು ಮತ್ತೆ ಸರಿಯದಂತೆ ಅದರ ಹಿಂದೆ ಅಂಟಿಸುವ ರಿಟೇನರ್ ತಂತಿ ಯಾವ ಹಲ್ಲನ್ನೂ ತಳ್ಳದಂತೆ ಕೂರಬೇಕು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಈ ನಾಲ್ಕಕ್ಕೆ ಜೋರಾಗಿ ತಾಗಬಾರದು, ತಾಗುತ್ತಿದ್ದರೆ ಸರಿಮಾಡಿಸಿ. ಅಂಟಿಸಿದ ತಂತಿಯ ಹಿಂದೆ ಪಾಚಿ ಕಟ್ಟುವುದು ಬೇಗ. ಹಲ್ಲಿನ ಸಂದಿಗೆ ಹೋಗುವ ಚಿಕ್ಕ ಬ್ರಷ್ಷನ್ನು ರಾತ್ರಿ ಬಳಸಲಿ, ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿ. ವಾಲಿಬಾಲ್, ತ್ರೋಬಾಲ್ ಆಡುವವಳಾದರೆ ಬಾಯಿಗೆ ಹಾಕುವ ಗಾರ್ಡ್ ಮಾಡಿಸಿಕೊಡಿ. ಗಿಡ್ಡ ಬೇರಿಗೆ ಇನ್ನೊಂದು ಏಟು ಬೇಡ. ಮುಂದೆ ಬೆಂಗಳೂರಿಗೋ ದುಬೈಗೋ ಹೋದಾಗ ಅಲ್ಲಿಯ ಹಲ್ಲಿನ ಡಾಕ್ಟರಿಗೆ ಈ ಎಕ್ಸ್‌ರೇ ತೋರಿಸಲಿ. ಇಲ್ಲದಿದ್ದರೆ ಹೊಸ ಡಾಕ್ಟರು ಇದನ್ನು ಹೊಸ ರೋಗ ಎಂದುಕೊಂಡು ಗಾಬರಿ ಪಡಿಸಬಹುದು.

ಕೊನೆಗೆ ಮಗನ ವಿಷಯ. ಅಕ್ಕನಿಗೆ ಹೀಗಾಗಿದೆ ಎಂದು ತಮ್ಮನಿಗೆ ಕ್ಲಿಪ್ ಬೇಡವೇ ಬೇಡ ಎನ್ನಬೇಕಾಗಿಲ್ಲ. ಆದರೆ ಒಡಹುಟ್ಟಿದವರಲ್ಲಿ ಈ ಸವೆತ ಒಂದೇ ರೀತಿ ಇರುವುದು ಹೆಚ್ಚು ಎಂದು 1997ರ ಒಂದು ಅಧ್ಯಯನ ತೋರಿಸಿದೆ. ಆದ್ದರಿಂದ ಅವನ ವಿಷಯದಲ್ಲಿ ಮೊದಲಿಂದಲೇ ಎಚ್ಚರ ಬೇಕು. 11 ವರ್ಷಕ್ಕೆ ಅವನಿಗೆ ಒಂದು ಅನುಕೂಲವೂ ಇದೆ. ಆ ವಯಸ್ಸಿನಲ್ಲಿ ಕೆಲವು ಬೇರುಗಳ ತುದಿ ಇನ್ನೂ ಪೂರ್ತಿ ಕಟ್ಟಿರುವುದಿಲ್ಲ. ಹಾಗೆ ಬೆಳೆಯುತ್ತಿರುವ ಬೇರು ಪೂರ್ತಿ ಬೆಳೆದ ಬೇರಿಗಿಂತ ಕಡಿಮೆ ಸವೆಯುತ್ತದೆ. ಆದರೂ ಅವಸರದಲ್ಲಿ ಶುರು ಮಾಡಬೇಡಿ, ಮೊದಲು ಒಂದು ಓಪಿಜಿ ಆಗಲಿ. ಮೇಲಿನ ಕೋರೆ ಹಲ್ಲು 11, 12ರ ಸುಮಾರಿಗೆ ಇಳಿಯುತ್ತದೆ. ಅದು ದಾರಿ ತಪ್ಪಿ ಎಲುಬಿನೊಳಗೆ ಅಡ್ಡ ಹೋದರೆ ಪಕ್ಕದ ಎದುರಿನ ಹಲ್ಲಿನ ಬೇರನ್ನು ತಿನ್ನುತ್ತದೆ, ಕ್ಲಿಪ್ ಇಲ್ಲದೆಯೇ. ಅದನ್ನು ಈ ವಯಸ್ಸಿನಲ್ಲಿ ಹಿಡಿದರೆ ಸುಲಭ. ಅವನ ಫೈಲಿನ ಮೊದಲ ಪುಟದಲ್ಲೇ 'ಅಕ್ಕನಿಗೆ ಬೇರು ಸವೆದಿದೆ' ಎಂದು ಡಾಕ್ಟರ ಕೈಯಲ್ಲಿ ಬರೆಸಿ. ಕ್ಲಿಪ್ ಹಾಕಿದ ಆರನೇ ತಿಂಗಳಿಗೆ ಎದುರಿನ ಹಲ್ಲಿನ ಆರ್‌ವಿಜಿ ತೆಗೆಯುತ್ತೇವೆ ಎಂದೂ ಅದರ ಕೆಳಗೇ ಬರೆಸಿ.